ಅಟ್ಟದ ಮೂಗು

ಆ ಮನೆಯಲ್ಲಿ ಮೂಗು ಎನ್ನುವುದು ಒಂದು ಹುದ್ದೆ. ಮನೆಮಂದಿ ಎಷ್ಟೇ ಇದ್ದರೂ ಒಂದು ಕಾಲಕ್ಕೆ ಮೂಗು ಒಬ್ಬರೇ, ಉಳಿದವರದೆಲ್ಲ ನೆಗಡಿ ಬಂದಾಗ ಒರೆಸಿಕೊಳ್ಳುವುದಕ್ಕೆ ಮಾತ್ರ. ಸದ್ಯ ಆ ಹುದ್ದೆಯಲ್ಲಿದ್ದವರು ಮನೆಯ ಯಜಮಾನರು. ವಯಸ್ಸು ಎಪ್ಪತ್ತೆರಡು, ಮೀಸೆ ಬಿಳಿ, ಮಾತು ಖಾರ.

ಅವರು ಮಾಡುತ್ತಿದ್ದುದು ಸಿಹಿ ವೈನು. ಊಟವೆಲ್ಲ ಮುಗಿದು, ಮಾತು ನಿಧಾನವಾದ ಮೇಲೆ ಪುಟ್ಟ ಗ್ಲಾಸಿನಲ್ಲಿ ಕುಡಿಯುವಂಥದು. ಇಳಿಜಾರಿನ ತೋಟದ ದ್ರಾಕ್ಷಿಯನ್ನು ಕಿತ್ತು ತಂದು, ಮನೆಯ ಅಟ್ಟದಲ್ಲಿ ತಟ್ಟಿಗಳ ಮೇಲೆ ಹರಡಿ, ಮೂರು ತಿಂಗಳು ಒಣಗಲು ಬಿಡುತ್ತಿದ್ದರು. ಹಣ್ಣು ಅಜ್ಜಿಯ ಕೆನ್ನೆಯಂತೆ ಸುಕ್ಕಾದ ಮೇಲೆ ಹಿಂಡಿ, ರಸವನ್ನು ಚಿಕ್ಕ ಚಿಕ್ಕ ಪೀಪಾಯಿಗಳಿಗೆ ತುಂಬಿ, ಅದೇ ಅಟ್ಟದಲ್ಲಿ ಬಿಗಿಯಾಗಿ ಮುಚ್ಚಿಡುವುದು. ತುಂಬುವಾಗ ಹಳೆಯ ಪೀಪಾಯಿಯ ತಳದಲ್ಲಿ ಉಳಿದ ಗಟ್ಟಿ ಗಸಿಯನ್ನು ಒಂದು ಲೋಟ ಹಾಕಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆಮೇಲೆ ಬೇಸಿಗೆಯಲ್ಲಿ ಹೆಂಚು ಕಾದು ಪೀಪಾಯಿ ಬೆವರಬೇಕು, ಚಳಿಗಾಲದಲ್ಲಿ ಗಡಗಡ ನಡುಗಬೇಕು. ಹೀಗೆ ಹತ್ತು ವರ್ಷ, ಹದಿನೈದು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು. ಅವಸರದವರಿಗೆ ಹೇಳಿ ಮಾಡಿಸಿದ ಕಸುಬಲ್ಲ ಅದು.

ಪ್ರತಿ ವಸಂತದಲ್ಲಿ ಒಂದು ದಿನ ಮೂಗು ಅಟ್ಟ ಹತ್ತುತ್ತದೆ. ಪ್ರತಿ ಪೀಪಾಯಿಯ ಮುಂದಿನ ಪುಟ್ಟ ಬೆಣೆಯನ್ನು ಎಳೆದರೆ ನೂಲಿನಷ್ಟು ತೆಳ್ಳಗೆ ವೈನು ಗ್ಲಾಸಿಗೆ ಇಳಿಯುತ್ತದೆ. ಮೂಗು ಅದನ್ನು ಮೂಸಿ ಎರಡರಲ್ಲಿ ಒಂದು ಮಾತು ಹೇಳಬೇಕು: ‘ಇರಲಿ’ ಅಥವಾ ‘ಇಳಿಸಿ’. ‘ಇರಲಿ’ ಎಂದರೆ ಮೇಲಿನ ತೊಲೆಯ ಮೇಲೆ ಸೀಮೆಸುಣ್ಣದಿಂದ ಒಂದು ಸೊನ್ನೆ. ‘ಇಳಿಸಿ’ ಎಂದರೆ ಒಂದು ಗೆರೆ. ಆ ಪೀಪಾಯಿಯನ್ನು ಹಗ್ಗ ಕಟ್ಟಿ ಕೆಳಗಿಳಿಸಿ ಬರಿದು ಮಾಡಿ, ಹಳೆಯ ವೈನು ಒಂದಿಷ್ಟು ಬೆರೆಸಿ ಬಾಟಲಿಗೆ ತುಂಬುತ್ತಾರೆ. ಒಮ್ಮೆ ಇಳಿಸಿದ್ದನ್ನು ಮತ್ತೆ ಏರಿಸುವ ಮಾತಿಲ್ಲ. ಗುರುತನ್ನೆಲ್ಲ ಪೀಪಾಯಿಯ ಮೇಲೆ ಬರೆಯದೆ ತೊಲೆಯ ಮೇಲೆ ಬರೆಯುತ್ತಿದ್ದುದಕ್ಕೆ ಕಾರಣ, ಪೀಪಾಯಿ ಬೆವರಿದರೆ ಸುಣ್ಣ ನಿಲ್ಲುವುದಿಲ್ಲ. ಪೀಪಾಯಿಗಳೇನು ಎದ್ದು ಓಡಾಡುವುದಿಲ್ಲವಲ್ಲ ಎಂದು ನಾಲ್ಕು ತಲೆಮಾರು ನಿಶ್ಚಿಂತೆಯಿಂದ ತೊಲೆಯನ್ನೇ ನಂಬಿಕೊಂಡು ಬಂದಿತ್ತು.

ಇನ್ನೊಂದು ಕಟ್ಟುನಿಟ್ಟಿನ ನಿಯಮ, ಅಟ್ಟದಲ್ಲಿ ಯಾರೂ ಗ್ಲಾಸಿಗೆ ತುಟಿ ತಾಗಿಸಕೂಡದು. ಹಿಂದೆ ಹೀಗಿರಲಿಲ್ಲ. ಯಜಮಾನರ ಮುತ್ತಜ್ಜ ಒಂದು ವಸಂತದಲ್ಲಿ ಹದಿನೇಳು ಪೀಪಾಯಿಗಳ ರುಚಿ ನೋಡಿ, ಇಳಿಯುವಾಗ ಏಣಿಯ ಹನ್ನೆರಡು ಮೆಟ್ಟಿಲನ್ನೂ ಒಂದೇ ಸಲಕ್ಕೆ ಇಳಿದುಬಿಟ್ಟರು. ಸೊಂಟ ಮುರಿಯಿತು, ನಿಯಮ ಹುಟ್ಟಿತು. ಅಂದಿನಿಂದ ಮೂಸುವುದಷ್ಟೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಮೂರು ಚಳಿಗಾಲದ ಹಿಂದೆ ಯಜಮಾನರಿಗೆ ಒಂದು ನೆಗಡಿ ಬಂತು. ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಅದು ಗೊತ್ತಾದದ್ದು ಒಂದು ಬೆಳಿಗ್ಗೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಸೀದು, ಮನೆಯೆಲ್ಲ ಕಮಟು ಹಬ್ಬಿ ಎಲ್ಲರೂ ಸೆರಗೋ ಕರವಸ್ತ್ರವೋ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡು ಓಡಿ ಬಂದರೆ, ಯಜಮಾನರು ಒಲೆಯಿಂದ ಎರಡೇ ಮಾರು ದೂರದಲ್ಲಿ ಕುಳಿತು ಹಾಯಾಗಿ ಪೇಪರು ಓದುತ್ತಿದ್ದರು. ಪೇಪರಿನಲ್ಲಿ ಮುಳುಗಿಹೋಗಿದ್ದೆ ಎಂದು ಆ ಹೊತ್ತಿಗೆ ಜಾರಿಕೊಂಡರು. ಆಮೇಲೆ ಕತ್ತರಿ ಸಾಣೆ ಹಿಡಿಸಿಕೊಂಡು ಬರುತ್ತೇನೆಂದು ಹೇಳಿ ಪಕ್ಕದ ಊರಿನ ಡಾಕ್ಟರರ ಬಳಿಗೆ ಹೋದರು. ವಾಸನೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ಹೇಳಲು ಡಾಕ್ಟರೇ ಆಗಬೇಕೆ ಎಂದು ಯಜಮಾನರಿಗೆ ರೇಗಿತು. ಕತ್ತರಿಗೆ ಸಾಣೆ ಹಿಡಿಸುವುದೂ ಮರೆತುಹೋಯಿತು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳದಿರಲು ಕಾರಣ ಬಾಗಿಲ ಪಕ್ಕದ ಬೆತ್ತದ ಕುರ್ಚಿ. ಅವರ ತಂದೆ ವಯಸ್ಸಾಗಿ ಸೀಮೆಸುಣ್ಣವನ್ನು ಮಗನ ಕೈಗಿತ್ತ ಮೇಲೆ ಆ ಕುರ್ಚಿಯಲ್ಲಿ ಕುಳಿತರು. ಅದುವರೆಗೆ ಬಂದವರೆಲ್ಲ ಅವರನ್ನು ಕೇಳುತ್ತಿದ್ದುದು ಈ ವರ್ಷದ ಹಣ್ಣು ಹೇಗೆ, ಮೂಲೆಯ ಪೀಪಾಯಿ ಏನಾಯಿತು ಎಂದು. ಕುರ್ಚಿಯಲ್ಲಿ ಕುಳಿತ ಮರುದಿನದಿಂದ, ರಾತ್ರಿ ನಿದ್ದೆ ಬಂತಾ ಎಂದು ಕೇಳತೊಡಗಿದರು. ಅಂಥ ಘಟಾನುಘಟಿ ಮನುಷ್ಯ ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಬಟಾಣಿ ಸುಲಿಯುತ್ತ, ಬಂತು, ಚೆನ್ನಾಗಿ ಬಂತು ಎನ್ನುತ್ತಿದ್ದುದನ್ನು ಯಜಮಾನರು ನೋಡಿದ್ದರು. ಆ ಕುರ್ಚಿಯ ಮುಂದೆ ಹಾಯುವಾಗ ಈಗಲೂ ಅವರ ಹೆಜ್ಜೆ ಚುರುಕಾಗುತ್ತಿತ್ತು.

ಮುಂದಿನ ಮೂಗು ಯಾರೆಂಬುದು ಬೇರೆ ಇನ್ನೊಂದು ಮುಳ್ಳು. ಮಗನ ಮೂಗು ಮುಖದ ಅಂದಕ್ಕಷ್ಟೇ ಇತ್ತು. ಅವನಿಗೆ ಬಳ್ಳಿ, ಟ್ರ್ಯಾಕ್ಟರು, ಹೆಂಚು, ಹಗ್ಗ ಇಷ್ಟಿದ್ದರೆ ಸಾಕು. ಉಳಿದದ್ದು ಸೊಸೆ. ಸಾಬೂನು ಮಾಡುವವರ ಮನೆಯಿಂದ ಬಂದವಳು. ಹುಟ್ಟಿದಾಗಿನಿಂದ ಎಣ್ಣೆ, ಹೂವು, ತೊಗಟೆಗಳನ್ನು ಮೂಸಿ ಮೂಸಿ ಬೆಳೆದವಳು. ಮುಚ್ಚಿದ ಡಬ್ಬಿಯ ಪಕ್ಕ ಹಾದರೆ ಒಳಗೇನಿದೆ ಎಂದು ಹೇಳಬಲ್ಲಳು. ಅದು ಯಜಮಾನರಿಗೆ ಮದುವೆಯ ಮೊದಲ ವಾರವೇ ಗೊತ್ತಾಗಿತ್ತು. ಗೊತ್ತಾದ್ದರಿಂದಲೇ ಒಂಬತ್ತು ವರ್ಷದಿಂದ ಅವಳನ್ನು ರೇಗಿಸುತ್ತ ಬಂದಿದ್ದರು.

“ನಿಂಗೆ ಎಲ್ಲಾದ್ರಲ್ಲೂ ನೊರೆ ವಾಸನೆನೇ ಬರತ್ತಮ್ಮ,” ಎನ್ನುತ್ತಿದ್ದರು. ಅವಳು ನಕ್ಕು ಗ್ಲಾಸು ತೊಳೆಯಲು ಹೋಗುತ್ತಿದ್ದಳು.

ಮೂಗು ಕೈಕೊಟ್ಟ ಮೊದಲ ವಸಂತದಲ್ಲಿ, ಅಟ್ಟ ಹತ್ತುವ ಹಿಂದಿನ ದಿನ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು, ಗ್ಲಾಸನ್ನು ಮೊದಲು ಅವಳ ಕೈಗೆ ಕೊಡುವುದು, ಅವಳ ಮುಖ ನೋಡಿ ತೀರ್ಪು ಹೇಳುವುದು. ನಲವತ್ತು ವರ್ಷ ಸಂಸಾರ ಮಾಡಿದ ಮುಖ ಅದು, ಅಂಗೈಯ ಗೆರೆಗಿಂತ ಚೆನ್ನಾಗಿ ಗೊತ್ತು. ಎಡಗಡೆಯ ಹುಬ್ಬು ಏರಿದರೆ ಹುಳಿ ಹೆಚ್ಚು. ತುಟಿ ಬಿಗಿದರೆ ಇನ್ನೂ ಹಸಿ. ಗಲ್ಲ ಸ್ವಲ್ಪ ಒಳಗೆ ಸರಿದರೆ ಮರದ ವಾಸನೆ ಜಾಸ್ತಿ. ಕಣ್ಣು ಮುಚ್ಚಿತೋ, ಮಾತೇ ಇಲ್ಲ, ಇಳಿಸಿ.

ಅದುವರೆಗೆ ಆಕೆಯನ್ನು ಅಟ್ಟಕ್ಕೆ ಕರೆದವರೇ ಇಲ್ಲ. ಗಡಿಯಾರ ರಿಪೇರಿಯವರ ಮಗಳಿಗೆ ವೈನಿನ ಉಸಾಬರಿ ಏಕೆಂದು ಹೊಸದರಲ್ಲಿ ಅತ್ತೆ ಹೇಳಿದ್ದರು, ಆ ಮಾತು ಹಾಗೆಯೇ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಈಗ ಗಂಡ ತಾನಾಗಿ ಬಾ ಎಂದಾಗ ಆಕೆ ಏನೂ ಕೇಳಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ನೀಲಿ ಶಾಲು ತೆಗೆದು ಹೊದ್ದುಕೊಂಡು ಬಂದಳು.

ಉಪಾಯ ಫಲಿಸಿತು. ಮೂರು ವಸಂತದಲ್ಲಿ ಹನ್ನೊಂದು ಪೀಪಾಯಿ ಇಳಿದವು. ಇಷ್ಟು ಸೊಗಸಾದ ವೈನು ಈ ಮನೆಯಿಂದ ಬಹಳ ದಿನಗಳ ಮೇಲೆ ಬಂದಿದೆ ಎಂದು ಕೊಳ್ಳುವವರು ಪತ್ರ ಬರೆದರು. ಯಜಮಾನರ ಮೂಗು ವಯಸ್ಸಾದಂತೆ ಹರಿತವಾಗುತ್ತಿದೆ ಎಂದು ಒಬ್ಬರಂತೂ ಬರೆದೇ ಬಿಟ್ಟರು. ಯಜಮಾನರು ಆ ಪತ್ರವನ್ನು ಎರಡು ಸಲ ಗಟ್ಟಿಯಾಗಿ ಓದಿಸಿದರು. ನಾಚಿಕೆ ಆಗಲಿಲ್ಲವೇ ಎಂದರೆ, ಆಯಿತು. ಮೂರನೆಯ ಸಲ ಓದಿಸಲಿಲ್ಲ.

ಈ ವರ್ಷದ ಮಾತು ಬೇರೆ. ಅಟ್ಟದ ಕಿಟಕಿಯ ಪಕ್ಕದಲ್ಲಿ ಚೆರಿ ಮರದ ಒಂದು ಪೀಪಾಯಿ ಇತ್ತು. ಯಜಮಾನರ ತಂದೆ ತುಂಬಿದ ಪೀಪಾಯಿಗಳಲ್ಲಿ ಉಳಿದದ್ದು ಅದೊಂದೇ, ಮೂವತ್ತು ವರ್ಷದ್ದು. ಮೂಗು ನೆಟ್ಟಗಿದ್ದಾಗ ಪ್ರತಿ ವರ್ಷ ಯಜಮಾನರು ಅದಕ್ಕೆ ‘ಇರಲಿ’ ಎಂದೇ ಹೇಳುತ್ತಿದ್ದರು. ಕಳೆದ ಮೂರು ವರ್ಷ ಅದರ ಗೋಜಿಗೇ ಹೋಗಿರಲಿಲ್ಲ. ಮೂಸದೆಯೇ ಸೊನ್ನೆ ಬರೆದು ಮುಂದೆ ನಡೆದಿದ್ದರು. ಈ ಸಲ ಮಗ ಪಟ್ಟು ಹಿಡಿದ. ಇಷ್ಟು ವರ್ಷ ಇಟ್ಟು ಕೊನೆಗೆ ಹುಳಿಯಾಗಿಹೋದರೆ ಏನು ಮಾಡುವುದು, ಸರಿಯಾಗಿ ನೋಡಿ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೇಗ ಇಳಿಸಿದರೆ ಅಪ್ಪನ ಕೊನೆಯ ಪೀಪಾಯಿ ಅರೆಬೆಂದದ್ದಾಗುತ್ತದೆ, ತಡವಾದರೆ ಹಾಳಾಗುತ್ತದೆ. ಯಜಮಾನರು ಆ ವಾರವಿಡೀ ಊಟ ಸರಿಯಾಗಿ ಮಾಡಲಿಲ್ಲ.

ಆ ದಿನ ಬೆಳಿಗ್ಗೆ ನಾಲ್ವರೂ ಅಟ್ಟ ಹತ್ತಿದರು. ಮಗ ಎರಡು ದಿನದ ಮುಂಚೆಯೇ ಅಟ್ಟ ಗುಡಿಸಿ ಸ್ವಚ್ಛ ಮಾಡಿಟ್ಟಿದ್ದ. ಬೇರೆ ಪೀಪಾಯಿಗಳನ್ನು ಬೇಗ ಮುಗಿಸಿ, ಯಜಮಾನರು ಕಿಟಕಿಯ ಬಳಿಗೆ ಬಂದು, ತೊಲೆಯ ಮೇಲಿನ ಸಾಲು ಸಾಲು ಸೊನ್ನೆಗಳನ್ನು ನೋಡಿ ಅದರ ಕೆಳಗಿದ್ದ ಪೀಪಾಯಿಯ ಬೆಣೆ ಎಳೆದರು. ಜೇನಿನ ಬಣ್ಣದ ಒಂದು ಎಳೆ ಗ್ಲಾಸಿಗೆ ಇಳಿಯಿತು. ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಗಿನ ಬಳಿ ತಂದು ಹೂಂಗುಟ್ಟಿದರು. ಗೋಡೆಗೆ ಮೂಗು ಇಟ್ಟಿದ್ದರೂ ಅಷ್ಟೇ ಗೊತ್ತಾಗುತ್ತಿತ್ತು. ಆಮೇಲೆ ಗ್ಲಾಸನ್ನು ಹೆಂಡತಿಗೆ ಕೊಟ್ಟು ಉಸಿರು ಬಿಗಿಹಿಡಿದು ನಿಂತರು.

ಆಕೆ ಗ್ಲಾಸನ್ನು ಮೂಗಿನ ಕೆಳಗೆ ಹಿಡಿದು ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ ಕಣ್ಣು ಮುಚ್ಚಿದಳು. ಮುಚ್ಚಿದ್ದಷ್ಟೇ ಅಲ್ಲ, ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದಳು. ಮೂರು ವರ್ಷದಲ್ಲಿ ಇಂಥ ಮುಖವನ್ನು ಯಜಮಾನರು ಕಂಡಿರಲಿಲ್ಲ.

“ಇಳಿಸಿ,” ಎಂದರು.  “ಇಪ್ಪತ್ತು ವರ್ಷದಿಂದ ಇಂಥದ್ದು ಈ ಅಟ್ಟದಲ್ಲಿ ಬಂದಿಲ್ಲ. ನಮ್ಮಪ್ಪ ಅಂದ್ರೆ ನಮ್ಮಪ್ಪ.”

ತೊಲೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಮಗ ಹಗ್ಗ, ರಾಟೆ ತರಲು ಇಳಿದ. ಹೆಂಡತಿ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ತಂಗಿಗೆ ಫೋನು ಮಾಡಬೇಕೆಂದು ಅವನ ಹಿಂದೆಯೇ ಇಳಿದಳು. ಸೊಸೆ ಎಂದಿನಂತೆ ಗ್ಲಾಸು ತೆಗೆದುಕೊಂಡು, ಎಂದಿನಂತೆ ಯಾರೂ ನೋಡುತ್ತಿಲ್ಲವೆಂದುಕೊಂಡು, ಒಮ್ಮೆ ಮೂಸಿದಳು. ಇನ್ನೊಮ್ಮೆ ಮೂಸಿದಳು.

ಮೂರು ವರ್ಷದಿಂದ ಮುಖ ಓದುವುದನ್ನೇ ಕಸುಬು ಮಾಡಿಕೊಂಡಿದ್ದ ಯಜಮಾನರಿಗೆ ಆ ಮುಖ ಓದಲು ಬರಲಿಲ್ಲ. ತುಟಿ ಬಿಗಿದಿತ್ತು, ಆದರೆ ಹಸಿ ಎಂಬಂತಲ್ಲ. ನೋಡುತ್ತ ನೋಡುತ್ತ ಅರ್ಥವಾಯಿತು. ಅವಳು ನಗು ತಡೆದುಕೊಳ್ಳುತ್ತಿದ್ದಳು.

“ಏನಮ್ಮ ಅದು?”

“ಏನಿಲ್ಲ ಮಾವ.”

“ನೊರೆ ವಾಸನೆ ಬಂತೇನು?”

“ಇಲ್ಲ.” ಅವಳು ಗ್ಲಾಸನ್ನು ಕಿಟಕಿಯ ಮೇಲಿಟ್ಟಳು. “ಕೋಪ ಮಾಡ್ಕೋಬೇಡಿ. ಇದು ನೀರು.”

“ಏನಂದೆ?”

“ನೀರು ಮಾವ. ಪೀಪಾಯಿ ರಿಪೇರಿ ಮೇಸ್ತ್ರಿ ಹೋದ ತಿಂಗಳು ಪಕ್ಕದ ಪೀಪಾಯಿಗೆ ಎರಡು ಹಲಗೆ ಹೊಸದಾಗಿ ಹಾಕಿದ್ನಲ್ಲ. ಮರ ಉಬ್ಬಲಿ ಅಂತ ಬಿಸಿನೀರು ಹಾಕಿ, ಒಂದಿಷ್ಟು ಹಳೇ ಗಸಿ ಕಲಸಿಟ್ಟಿದ್ವಿ. ಅದೇ ಇದು. ಗುಡಿಸೋವಾಗ ನಿಮ್ಮ ಮಗ ಎರಡನ್ನೂ ಸರಿಸಿದಾರೆ. ವಾಪಸ್ ಇಡೋವಾಗ ಅದಲು ಬದಲು.”

ಯಜಮಾನರು ತೊಲೆಯ ಮೇಲಿನ ಗೆರೆಯನ್ನು ನೋಡಿದರು. ಪೀಪಾಯಿಯನ್ನು ನೋಡಿದರು. ಹತ್ತಿರ ಹೋಗಿ ನೋಡಿದರೆ ಎರಡು ಹಲಗೆ ಹೊಸ ಬಣ್ಣದಲ್ಲಿ ಎದ್ದು ಕಾಣುತ್ತಿದ್ದವು. ನಾಲ್ಕು ತಲೆಮಾರಿನವರಲ್ಲಿ ಯಾರಿಗೂ ಪೀಪಾಯಿ ನೋಡುವ ಅಭ್ಯಾಸವೇ ಇರಲಿಲ್ಲ, ಎಲ್ಲರೂ ತೊಲೆ ನೋಡುವವರೇ. ಅವರು ದ್ರಾಕ್ಷಿಯ ತಟ್ಟಿಯೊಂದರ ಮೇಲೆ ಕುಳಿತುಬಿಟ್ಟರು. ತಟ್ಟಿ ಕಿರ್ರೆಂದಿತು.

“ಇಪ್ಪತ್ತು ವರ್ಷದಿಂದ ಇಂಥದ್ದು ಬಂದಿಲ್ಲ ಅಂದ್ರಿ,” ಎಂದಳು ಸೊಸೆ, ಬಹಳ ಮೆಲ್ಲಗೆ.

“ಅಂದೆ.”

ಸುಳ್ಳು ಹೇಳಲು ಇನ್ನು ಜಾಗವೇ ಉಳಿದಿರಲಿಲ್ಲ. ನೆಗಡಿ, ಹಾಲು, ಡಾಕ್ಟರು, ಎಲ್ಲ ಹೇಳಿದರು. ಹುಬ್ಬು, ತುಟಿ, ಗಲ್ಲದ ಲೆಕ್ಕಾಚಾರವನ್ನೂ ಹೇಳಿದರು. ಸೊಸೆ ನಗಲಿಲ್ಲ. ಪಕ್ಕದಲ್ಲಿ ಬಂದು ಕುಳಿತಳು.

“ನಂಗೆ ಅನುಮಾನ ಇತ್ತು ಮಾವ. ಆದ್ರೆ ಮೂಗೇ ಹೋಗಿದೆ ಅಂತ ಅಂದ್ಕೊಂಡಿರ್ಲಿಲ್ಲ, ವಯಸ್ಸಾಯ್ತು ಅಂದ್ಕೊಂಡೆ. ಕೆಲವು ಸಲ ಇನ್ನೂ ಹಸಿಯಾಗಿದ್ದನ್ನ ಇಳಿಸಿದ್ರಿ. ಕೆಳಗೆ ಬೆರೆಸೋವಾಗ ನಾನು ಹಳೇದು ಒಂಚೂರು ಹೆಚ್ಚು ಹಾಕಿ ಸರಿ ಮಾಡ್ದೆ.”

“ಎಷ್ಟು ಸಲ?”

“ಹನ್ನೊಂದರಲ್ಲಿ ಆರು.”

ಅಂದರೆ ಆ ಪತ್ರ ಬರೆದವರು ಹೊಗಳಿದ್ದು ಸಾಬೂನಿನ ಮನೆಯವಳನ್ನು. ಯಜಮಾನರಿಗೆ ಆ ಪತ್ರದ ಒಂದೊಂದು ಸಾಲೂ ನೆನಪಿಗೆ ಬಂದು ಕಿವಿ ಬಿಸಿಯಾಯಿತು. ಅದರ ಜೊತೆಗೇ ಇನ್ನೊಂದು ವಿಷಯ ಹೊಳೆದು ಎದ್ದು ನಿಂತರು.

“ಹಾಗಾದ್ರೆ ಅವಳು? ನೀರು ಮೂಸಿ ಕಣ್ಣು ಮುಚ್ಚಿದಳಲ್ಲ, ತಲೆ ಬೇರೆ ವಾಲಿಸಿದಳು. ಮೂರು ವರ್ಷದಿಂದ ಗಂಡನಿಗೇ ಮೋಸ ಮಾಡಿದಾಳೆ ಅಂದ ಹಾಗಾಯ್ತು.”

ಸೊಸೆ ಅವರನ್ನೇ ನೋಡಿದಳು. 

“ಹೂಂ, ಗೊತ್ತಾಯ್ತು,” ಎಂದು ಯಜಮಾನರು ಗೊಣಗಿದರು. “ನಾನೂ ಅದನ್ನೇ ಮಾಡಿದ್ದು. ಆದ್ರೂ ಕೇಳ್ತೀನಿ.”

ಏಣಿ ಇಳಿದು ಅಡುಗೆಮನೆಯ ಬಾಗಿಲಿಗೆ ಬಂದಾಗ ಹೆಂಡತಿ ಇನ್ನೂ ಫೋನಿನಲ್ಲಿದ್ದಳು. ಬೆನ್ನು ಈ ಕಡೆಗಿತ್ತು. ಹೆಗಲ ಮೇಲೆ ಆ ನೀಲಿ ಶಾಲು. “ಈ ವರ್ಷವೂ ನನ್ನನ್ನೇ ಮೊದಲು ಕೇಳಿದ್ರು ಕಣೇ,” ಎನ್ನುತ್ತಿದ್ದಳು. “ಮಾವನೋರ ಪೀಪಾಯಿನೂ ನನ್ನ ಕೇಳಿಯೇ ಇಳಿಸಿದ್ದು. ನಾನು ಹೂಂ ಅನ್ನೋ ತನಕ ಅವರು ಬಾಯಿ ಬಿಡೋದೇ ಇಲ್ಲ.” ಆ ಕಡೆಯಿಂದ ತಂಗಿ ಏನೋ ಅಂದಿರಬೇಕು. “ಇಲ್ಲವೇ, ಹೊಗಳಿಕೊಳ್ತಿಲ್ಲ. ಇದ್ದಿದ್ದು ಹೇಳ್ದೆ.”

ಯಜಮಾನರು ಬಾಗಿಲಲ್ಲೇ ನಿಂತರು. ಬರುವಾಗ ನಾಲಿಗೆಯ ತುದಿಯಲ್ಲಿ ಏಳೆಂಟು ಮಾತು ಸಾಲಾಗಿ ನಿಂತಿದ್ದವು. ಈಗ ಒಂದೂ ಹೊರಡಲಿಲ್ಲ. ಸತ್ಯ ಹೇಳಿದರೆ ತನ್ನ ಸೀಮೆಸುಣ್ಣ ಹೋಗುತ್ತದೆ, ಅದು ಹೇಗೂ ಹೋಯಿತು. ಆದರೆ ಆ ಶಾಲು? ಇನ್ನೊಂದು ವಸಂತಕ್ಕೆ ಆಕೆ ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತಾಳೆಯೇ? 

ಫೋನಿಟ್ಟು ತಿರುಗಿದ ಹೆಂಡತಿ, “ಯಾಕೆ ಹಾಗೆ ನಿಂತ್ರಿ?” ಎಂದಳು.

“ಸುಮ್ನೆ. ಇವತ್ತಿಂದು ಹೇಗಿತ್ತು ಅಂತ ಕೇಳೋಣ ಅಂತ.”

“ಆಗಲೇ ಹೇಳಿದ್ರಲ್ಲ ನೀವೇ.”

“ನಾನು ಹೇಳಿದ್ದು ಇರಲಿ, ನಿಂಗೇನನ್ನಿಸ್ತು?”

“ನಿಮಗನ್ನಿಸಿದ್ದೇ ನಂಗೂ ಅನ್ನಿಸ್ತು.”

“ನಂಗೇನನ್ನಿಸ್ತು ಅಂತ ನಿಂಗೆ ಹೇಗೆ ಗೊತ್ತು?”

ಆಕೆ ಮೇಜಿನ ಮೇಲಿದ್ದ ಬಟಾಣಿಯ ಪಾತ್ರೆಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದಳು, ಮತ್ತೆ ಈ ಕಡೆಗೆ ಸರಿಸಿದಳು. ಆಮೇಲೆ ಕುರ್ಚಿ ಎಳೆದು ಕುಳಿತು, ಶಾಲನ್ನು ತೆಗೆದು ಮಡಚತೊಡಗಿದಳು.

“ಏನೋ ಆಗಿದೆ ಅಲ್ವಾ? ನೀವು ಬಾಗಿಲಲ್ಲಿ ನಿಂತಿದ್ದು ನೋಡಿದಾಗಲೇ ಅನ್ನಿಸ್ತು. ಹೇಳಿಬಿಡ್ತೀನಿ ಕೇಳಿ. ನಂಗೆ ಒಂದು ಪೀಪಾಯಿಗೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಎಳ್ಳಷ್ಟೂ ಗೊತ್ತಾಗಲ್ಲ. ಎಲ್ಲ ಒಂದೇ ಥರ, ಹಳೇ ಬೀರು ಬಾಗಿಲು ತೆಗೆದ ಹಾಗೆ. ಮೂರು ವರ್ಷದಿಂದ ನಿಮ್ಮ ಮುಖ ನೋಡ್ಕೊಂಡೇ ನಡೆಸಿದೀನಿ.”

“ನನ್ನ ಮುಖದಲ್ಲೇನಿತ್ತು?”

“ಗಡಿಯಾರದವರ ಮನೆಯವಳು ನಾನು, ಮುಳ್ಳು ಅಲುಗಿದ್ದು ಕಾಣಲ್ವಾ? ಭರವಸೆ ಇಲ್ಲದ ಪೀಪಾಯಿಗೆ ನೀವು ಮೀಸೆ ಕಚ್ಚಿಕೊಳ್ತೀರಿ. ಒಳ್ಳೇದು ಅಂದ್ರೆ ಉಸಿರು ಹಿಡಿದು ನಿಲ್ತೀರಿ. ಇವತ್ತಂತೂ ಎಷ್ಟು ಹೊತ್ತು ಹಿಡಿದಿದ್ರಿ ಅಂದ್ರೆ, ಎಲ್ಲಿ ಬಿದ್ದುಬಿಡ್ತೀರೋ ಅನ್ನಿಸ್ತು. ಅದಕ್ಕೇ ತಲೆನೂ ವಾಲಿಸ್ದೆ.”

ಯಜಮಾನರು ಉಸಿರು ಹಿಡಿಯುತ್ತಿದ್ದುದು ಆಕೆಯ ಮುಖ ಏನು ಹೇಳುತ್ತದೋ ಎಂಬ ಭಯಕ್ಕೆ. ಭಯ ಹೆಚ್ಚಿದಷ್ಟೂ ಆಕೆಯ ಕಣ್ಣು ಗಟ್ಟಿಯಾಗಿ ಮುಚ್ಚುತ್ತಿತ್ತು. ಕಣ್ಣು ಮುಚ್ಚಿದರೆ ಇಳಿಸಿ. ಹೀಗೆ ಮೂರು ವರ್ಷ ಆ ಅಟ್ಟದಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡು ಹನ್ನೊಂದು ಪೀಪಾಯಿ ಇಳಿಸಿದ್ದರು. ವೈನನ್ನು ಮಾತ್ರ ಇಬ್ಬರೂ ಮೂಸಿರಲಿಲ್ಲ.

“ಗೊತ್ತಾಗಲ್ಲ ಅಂತ ಮೊದಲನೇ ದಿನವೇ ಹೇಳಬಹುದಿತ್ತಲ್ಲ,” ಎಂದರು ಯಜಮಾನರು.

“ಹೇಗೆ ಹೇಳಲಿ? ನಲವತ್ತು ವರ್ಷ ಈ ಮನೇಲಿ ಗ್ಲಾಸು ತೊಳೆದೆ. ಇದು ಹೇಗಿದೆ ಅಂತ ಒಬ್ಬರೂ ಒಂದು ದಿನ ಕೇಳಲಿಲ್ಲ. ಒಂದು ದಿನ ನೀವು ಕೇಳಿದ್ರಿ. ಅವತ್ತು ನಂಗೆ ಗೊತ್ತಾಗಲ್ಲ ಅಂದಿದ್ರೆ ಮತ್ತೆ ಕೇಳ್ತಿದ್ರಾ?”

ಆಕೆ ಅಳಲಿಲ್ಲ. ಮಡಚಿದ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಬೆರಳಿನಿಂದ ನೇರ ಮಾಡುತ್ತ ಕುಳಿತಳು. ಯಜಮಾನರಿಗೆ ನಲವತ್ತಮೂರು ವರ್ಷದ ಸಂಸಾರದಲ್ಲಿ ಇಷ್ಟು ಸಣ್ಣವರಾಗಿ ಹೋದ ನೆನಪಿರಲಿಲ್ಲ. ಎದುರಿನ ಕುರ್ಚಿ ಎಳೆದು ಕುಳಿತರು.

“ನನ್ನ ಮೂಗು ಹೋಗಿದೆ,” ಎಂದರು. “ಮೂರು ವರ್ಷ ಆಯ್ತು. ಒಂದು ವಾಸನೆನೂ ಬರಲ್ಲ. ನಿನ್ನ ಕೇಳಿದ್ದು ಅದಕ್ಕೆ.”

ಹೇಳಿ ಮುಗಿಸಿ ಆಕೆಯ ಮುಖ ನೋಡಿದರು. ಹುಬ್ಬು, ತುಟಿ, ಗಲ್ಲ, ಯಾವುದೂ ಯಾವುದೇ ಲೆಕ್ಕಕ್ಕೆ ಸಿಗಲಿಲ್ಲ.

“ಹಾಗಾದ್ರೆ ನಾನು ಅಂತ ಕೇಳಿದ್ದಲ್ಲ,” ಎಂದಳು ಆಕೆ. “ಯಾರಾದ್ರೂ ಆಗಿದ್ರೆ ಸರಿ ಅಂತ ಕೇಳಿದ್ದು.”

“ಯಾರಾದ್ರೂ ಹೇಗಾಗತ್ತೆ? ಮಗ ಇದ್ದ. ಸೊಸೆ ಇದ್ಲು, ಅವಳ ಮೂಗು ಎಂಥದ್ದು ಅಂತ ನಂಗೊತ್ತು. ಮೇಸ್ತ್ರಿ ಇದ್ದ. ಅವರ ಮುಖ ನೋಡಿ ನಮ್ಮಪ್ಪನ ಪೀಪಾಯಿ ಇಳಿಸಿ ಅಂತ ನಾನು ಜನ್ಮದಲ್ಲಿ ಹೇಳ್ತಿರಲಿಲ್ಲ. ನಿನ್ನ ಮುಖ ನೋಡಿ ಹೇಳ್ದೆ. ಅದೂ ನೀರಿಗೆ.”

“ನೀರಾ?”

“ನೀರು. ಪೀಪಾಯಿ ನೆನೆಹಾಕಿದ ನೀರು. ನೀನು ತಲೆ ವಾಲಿಸಿದ್ದು ಅದಕ್ಕೇ.”

 ಆಕೆ ಶಾಲಿನಲ್ಲಿ ಮುಖ ಹುದುಗಿಸಿದಳು. ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಯಜಮಾನರು ಗಾಬರಿಯಿಂದ ಎದ್ದರು. ಆಕೆ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ತಂಗಿಗೆ ಫೋನು ಬೇರೆ ಮಾಡಿದೆ,” ಎಂದು ಇನ್ನಷ್ಟು ನಕ್ಕಳು. ಯಜಮಾನರಿಗೂ ತಡೆಯಲಾಗಲಿಲ್ಲ. ಹಗ್ಗ ಹೊತ್ತು ಬಂದ ಮಗ ಬಾಗಿಲಲ್ಲಿ ನಿಂತು, ಇಬ್ಬರನ್ನೂ ನೋಡಿ, ಏನೂ ಕೇಳದೆ ಹಗ್ಗದ ಸಮೇತ ವಾಪಸು ಹೋದ.

ಮತ್ತೆ ಮೇಲೆ ಹೋದಾಗ ಸೊಸೆ ಎರಡು ಪೀಪಾಯಿಗಳನ್ನೂ ತಂತಮ್ಮ ಜಾಗಕ್ಕೆ ಸರಿಸಿ, ಸರಿಯಾದ ಪೀಪಾಯಿಯ ಮುಂದೆ ಗ್ಲಾಸು ಹಿಡಿದು ಕಾಯುತ್ತಿದ್ದಳು. ಹೆಂಡತಿ ಶಾಲನ್ನು ಮತ್ತೆ ಹೊದ್ದುಕೊಂಡಿದ್ದಳು. ಯಜಮಾನರೇ ಬೆಣೆ ಎಳೆದರು. ಈ ಸಲ ಇಳಿದದ್ದು ಗಾಢವಾದ ಕಂದು ಬಣ್ಣದ ಎಳೆ. ನಿಧಾನವಾಗಿ, ತನಗೇನೂ ಅವಸರವಿಲ್ಲವೆಂಬಂತೆ ಇಳಿಯಿತು. ಯಾರ ಮುಖವನ್ನೂ ನೋಡದೆ ಗ್ಲಾಸನ್ನು ಸೊಸೆಯ ಕೈಗೆ ಕೊಟ್ಟರು.

ಅವಳು ಬಹಳ ಹೊತ್ತು ಮೂಸಿದಳು. “ಕಿತ್ತಳೆ ಸಿಪ್ಪೆ ಒಣಗಿಸಿದ ಹಾಗೆ,” ಎಂದಳು. “ಅಕ್ರೋಟಿನ ಚಿಪ್ಪು. ಅದರ ಕೆಳಗೆ ಹೊಗೆ ಇದೆ ಮಾವ. ಹೊಗೆ ನಂಗೆ ಅರ್ಥ ಆಗ್ತಿಲ್ಲ. ಮರ ಕೆಟ್ಟಿರೋದಾದ್ರೆ ಇವತ್ತೇ ಇಳಿಸ್ಬೇಕು, ಇನ್ನು ಒಂದು ವಾರ ಇಟ್ರೂ ಹಾಳಾಗತ್ತೆ.”

“ಎಂಥ ಹೊಗೆ? ಕಟ್ಟಿಗೆಯದಾ, ಎಲೆಯದಾ?”

“ಸಣ್ಣ ಕಡ್ಡಿ ಉರಿದ ಹಾಗೆ. ಕೊನೆಗೆ ಒಂಚೂರು ಸಿಹಿ.”

ಯಜಮಾನರು ಗೋಡೆಗೆ ಕೈ ಊರಿ ನಿಂತರು. “ಆ ವರ್ಷ ಹಣ್ಣು ಒಣಗೋ ಹೊತ್ತಿಗೆ ಮೋಡ ಬಿಡಲೇ ಇಲ್ಲ,” ಎಂದರು. “ಬೂಷ್ಟು ಹಿಡಿಯತ್ತೆ ಅಂತ ಅಪ್ಪ ಇಲ್ಲೇ ಕಬ್ಬಿಣದ ಬಾಂಡ್ಲಿ ಇಟ್ಟು, ತೋಟದಲ್ಲಿ ಸವರಿದ ಬಳ್ಳಿ ಕಡ್ಡಿನೆಲ್ಲ ಸುಟ್ರು. ಹದಿನೈದು ದಿನ. ಅಮ್ಮ ಮನೆಗೇ ಬೆಂಕಿ ಹಚ್ತೀರಿ ಅಂತ ಬಯ್ತಿದ್ಲು. ಅದು ಮರ ಅಲ್ಲ, ನಮ್ಮ ಬಳ್ಳಿ. ಮೂವತ್ತು ವರ್ಷ ಆದ್ರೂ ಹೋಗಿಲ್ವಾ ಅದು?”

“ಹೋಗಿಲ್ಲ.” ಅವಳು ಮತ್ತೆ ಮೂಸಿದಳು. “ಬಳ್ಳಿ ಹೊಗೆ ಆದ್ರೆ ಅದು ಇನ್ನೂ ಬೆರೀಬೇಕು. ಈಗ ಬೇರೆಯಾಗಿ ನಿಂತಿದೆ. ಇರಲಿ ಮಾವ. ಇನ್ನೆರಡು ವರ್ಷ.”

ಯಜಮಾನರು ಜೇಬಿನಿಂದ ಸೀಮೆಸುಣ್ಣ ತೆಗೆದರು. ಬೆರಳುಗಳ ನಡುವೆ ಒಮ್ಮೆ ಉರುಳಿಸಿದರು. ಕೊಡುವುದು ಕಷ್ಟವಾಯಿತು, ಸುಳ್ಳೇಕೆ. ಅವಳ ಅಂಗೈಯಲ್ಲಿಟ್ಟು, “ನೊರೆ ಹಚ್ಚಿ ತೊಳೆದುಬಿಡಬೇಡ ಮತ್ತೆ,” ಎಂದರು. ಸೊಸೆ ತನ್ನ ಸೆರಗಿನಿಂದ ತೊಲೆಯ ಮೇಲಿನ ಗೆರೆಯನ್ನು ಅಳಿಸಿ, ಅಲ್ಲೊಂದು ಸೊನ್ನೆ ಬರೆದಳು. ಆಮೇಲೆ ಬಗ್ಗಿ, ಯಾರೂ ಹಿಂದೆ ಮಾಡದಿದ್ದ ಕೆಲಸ ಮಾಡಿದಳು: ಪೀಪಾಯಿಯ ಮೇಲೂ ಒಂದು ಸೊನ್ನೆ ಬರೆದಳು.

“ನಾಳೆ ಬೆಳಿಗ್ಗೆ ಆ ಮೂಲೆಯ ನಾಲ್ಕು ಪೀಪಾಯಿದು ಕಥೆ ಹೇಳ್ಬೇಕು ನೀವು,” ಎಂದಳು. “ಯಾವ ವರ್ಷ ಮಳೆ, ಯಾರು ತುಂಬಿದ್ದು, ಯಾವ ಗಸಿ. ನಂಗೆ ವಾಸನೆ ಬರತ್ತೆ ಅಷ್ಟೆ, ಅದು ಏನು ಅಂತ ಗೊತ್ತಾಗಲ್ಲ.”

“ನಾಳೆ ಬಟಾಣಿ ಸುಲಿಯೋದಿದೆ,” ಎಂದರು ಯಜಮಾನರು. ಆದರೆ ಮುಖ ಅರಳಿದ್ದು ಅತ್ತೆ ಸೊಸೆ ಇಬ್ಬರಿಗೂ ಗೊತ್ತಾಯಿತು.

ಗ್ಲಾಸಿನ ತಳದಲ್ಲಿ ಎರಡು ಗುಟುಕಿನಷ್ಟು ಉಳಿದಿತ್ತು. ಸೊಸೆ ಅದನ್ನು ಅತ್ತೆಯ ಕಡೆ ಚಾಚಿದಳು. “ಕುಡೀರಿ ಅತ್ತೆ.”

“ಅಯ್ಯೋ, ಇಲ್ಲಿ ಕುಡಿಯೋ ಹಾಗಿಲ್ಲ.”

“ಈಗ ಮೂಗು ಯಾರು? ನಾನು. ನಾನು ಹೇಳ್ತಿದೀನಿ, ಕುಡೀರಿ. ಏಣಿ ಹಿಡ್ಕೊಳ್ತೀನಿ.”

ಆಕೆ ಗ್ಲಾಸು ತೆಗೆದುಕೊಂಡು ಗಂಡನ ಕಡೆ ನೋಡಲು ಹೊರಟವಳು, ತಡೆದು, ಕಿಟಕಿಯ ಕಡೆಗೆ ತಿರುಗಿ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು, ಬೆನ್ನಿನ ಮೇಲೆ ಶಾಲು. ಯಜಮಾನರಿಗೆ ಓದಲು ಏನೂ ಇರಲಿಲ್ಲ. ಕಾದರು.

“ಸಿಹಿ ಇದೆ,” ಎಂದಳು ಆಕೆ.

“ಅಷ್ಟೇನಾ?”

“ಅಷ್ಟೇ ನಂಗೆ ಗೊತ್ತಾಗಿದ್ದು.”

ಉಳಿದದ್ದನ್ನು ಅವರು ಕುಡಿದರು. ಕಿತ್ತಳೆ ಸಿಪ್ಪೆ ಸಿಗಲಿಲ್ಲ, ಅಕ್ರೋಟು ಸಿಗಲಿಲ್ಲ, ಅಪ್ಪ ಸುಟ್ಟ ಬಳ್ಳಿಯ ಹೊಗೆಯೂ ಸಿಗಲಿಲ್ಲ. ಸಿಹಿಯೊಂದು ಮಾತ್ರ ನಾಲಿಗೆಯ ಮೇಲೆ ಬಂದು ಕುಳಿತು ಬಹಳ ಹೊತ್ತು ಏಳಲಿಲ್ಲ.

“ಹೂಂ,” ಎಂದರು ಯಜಮಾನರು. “ನಂಗೂ ಅಷ್ಟೇ.”